ನೂರು ಯಾವುದು? ಶೇಕಡ ಲೆಕ್ಕದ ಸುತ್ತ ಒಂದು ಸಮೀಕ್ಷೆ

ಪತ್ರಿಕೆ ಬಿಡಿಸಿದರೆ ‘ಶೇ’ ಎಂಬ ಒಂದಕ್ಷರ ಪುಟಪುಟದಲ್ಲೂ ಸಿಗುತ್ತದೆ. ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿತು, ಮತದಾನ ಹೆಚ್ಚಿತು, ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿಯಿತು, ಜಲಾಶಯ ಮುಕ್ಕಾಲು ತುಂಬಿತು, ಸೀರೆ ಅಂಗಡಿಯಲ್ಲಿ ಆಷಾಢದ ರಿಯಾಯಿತಿ ಬಂತು. ಎಲ್ಲವನ್ನೂ ಹೇಳುವುದು ಶೇಕಡದಲ್ಲೇ. ಲೆಕ್ಕವೇನೂ ದೊಡ್ಡದಲ್ಲ. ಭಾಗವನ್ನು ಇಡಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು ಎಂಬುದು ಪ್ರಾಥಮಿಕ ಶಾಲೆ ಮುಗಿಸಿದವರಿಗೆಲ್ಲ ಗೊತ್ತು. ಇಷ್ಟಾದರೂ ಸಾಲದ ಕಾಗದಕ್ಕೆ ರುಜು ಹಾಕುವಾಗ, ಒಡವೆ ಅಂಗಡಿಯ ಬಿಲ್ಲು ನೋಡುವಾಗ, ಮಗಳ ಪರ್ಸೆಂಟೈಲು ತಿಳಿಯುವಾಗ ಪದವೀಧರರೂ ಎಡವುತ್ತಾರೆ. ಗುಣಾಕಾರ ಭಾಗಾಕಾರವನ್ನು ಫೋನು ಮಾಡಿಕೊಡುತ್ತದೆ. ಯಾವುದನ್ನು ನೂರು ಎಂದು ಹಿಡಿಯಬೇಕು ಎಂದು ಮಾತ್ರ ಅದು ಹೇಳಿಕೊಡುವುದಿಲ್ಲ. ಶೇಕಡದ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲೇ ಹುಟ್ಟುತ್ತವೆ. ಅಂಗಡಿ, ಸಾಲ, ಹೊಲ, ಅಂಕಪಟ್ಟಿ, ಸುದ್ದಿ ಎಲ್ಲ ಕಡೆಯ ಗೊಂದಲಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಹಳೆಯ ರೂಢಿ

ನೂರನ್ನು ಅಳತೆಯಾಗಿ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಬಡ್ಡಿಯ ಜೊತೆಗೆ ಬೆಳೆದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮಸಮ್ಮತ ಬಡ್ಡಿ. ವ್ಯಾಪಾರದ ಸಾಲಕ್ಕೆ ಐದು ಪಣ, ಕಾಡುದಾರಿಯಲ್ಲಿ ಸರಕು ಸಾಗಿಸುವವರಿಗೆ ಹತ್ತು, ಸಮುದ್ರ ವ್ಯಾಪಾರಿಗಳಿಗೆ ಇಪ್ಪತ್ತು. ಅಪಾಯ ಹೆಚ್ಚಿದಷ್ಟೂ ದರ ಹೆಚ್ಚು ಎಂಬ ಇಂದಿನ ಬ್ಯಾಂಕುಗಳ ತರ್ಕ ಅಲ್ಲಿ ಆಗಲೇ ಇದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ರಚಿಸಿದ ಗಣಿತಸಾರಸಂಗ್ರಹದಲ್ಲಿ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳಿವೆ. ಹನ್ನೆರಡನೇ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ‘ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು’ ಎಂಬ ತ್ರೈರಾಶಿಯೇ ಇವೆಲ್ಲದರ ಕೀಲಿ. ಶೇಕಡ ಎಂದರೆ ಮೊದಲ ಸಂಖ್ಯೆಯನ್ನು ನೂರಕ್ಕೆ ಕಟ್ಟಿಹಾಕಿದ ತ್ರೈರಾಶಿ.

ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಒಂದು ಲೆಕ್ಕವಿದೆ. ನೂರಕ್ಕೆ ತಿಂಗಳಿಗೆ ಐದರಂತೆ ಸಾಲ ಕೊಟ್ಟು ಒಂದು ವರ್ಷ ಕಳೆದಾಗ ಅಸಲೂ ಬಡ್ಡಿಯೂ ಸೇರಿ ಸಾವಿರ ಆಗಿದೆ, ಅಸಲೆಷ್ಟು, ಬಡ್ಡಿಯೆಷ್ಟು? ವರ್ಷಕ್ಕೆ ಶೇ 60 ಆಯಿತೆಂದು ಸಾವಿರದ ಶೇ 60 ತೆಗೆದರೆ ತಪ್ಪು. ಸಾವಿರ ಎಂಬುದು ನೂರರ ಜಾಗದಲ್ಲಿ ಇಲ್ಲ, ನೂರಾ ಅರವತ್ತರ ಜಾಗದಲ್ಲಿದೆ. ಹಾಗಾಗಿ ಅಸಲು 625, ಬಡ್ಡಿ 375. 1150ರ ಸುಮಾರಿನ ಈ ಪುಸ್ತಕದ ಪ್ರಶ್ನೆಯೇ ಇಂದು ಜಿಎಸ್‌ಟಿ ಸೇರಿದ ಬಿಲ್ಲಿನ ರೂಪದಲ್ಲಿ ನಮ್ಮ ಮುಂದೆ ಬರುತ್ತದೆ.

ನೂರಕ್ಕೆ ಹಣವೇ ಒಗ್ಗದ ಕಾಲವೂ ಇತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಒಂದು ರೂಪಾಯಿಯ ಶೇ 5 ಎಂದರೆ 9.6 ಪೈ, ಎಣಿಸಿ ಕೊಡಲಾಗದ ಮೊತ್ತ. ಆದ್ದರಿಂದ ಜನ ರೂಪಾಯಿಗೆ ಒಂದಾಣೆ, ಅಂದರೆ ಶೇ 6.25 ಎಂಬಂಥ ದರದಲ್ಲೇ ವ್ಯವಹರಿಸುತ್ತಿದ್ದರು. ಬೆಳೆಯ ಅಂದಾಜೂ ‘ಎಂಟಾಣೆ ಬೆಳೆ’, ‘ಹನ್ನೆರಡಾಣೆ ಬೆಳೆ’ ಎಂದೇ ನಡೆಯುತ್ತಿತ್ತು. ಹದಿನಾರು ಅರೆ, ಕಾಲು, ಅರೆಕಾಲಾಗಿ ಸಲೀಸಾಗಿ ಒಡೆಯುತ್ತದೆ. ನೂರು ಹಾಗೆ ಒಡೆಯುವುದಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ರೂಪಾಯಿಗೆ ನೂರು ಪೈಸೆಯಾದ ಮೇಲೆ ಶೇ 1 ಎಂದರೆ ರೂಪಾಯಿಗೆ ಒಂದು ಪೈಸೆ ಎಂದು ನೇರವಾಯಿತು.

ಬಾಯಿಲೆಕ್ಕ

ಕಾಗದ, ಯಂತ್ರ ಇಲ್ಲದೆ ಶೇಕಡ ತೆಗೆಯುವ ದಾರಿಗಳು ಕೆಲವೇ, ಆದರೆ ಅವು ಸಾಕು. ಹತ್ತನೇ ಒಂದು ಪಾಲು ಮೊದಲು ತೆಗೆಯಬೇಕು. 1,840 ರೂಪಾಯಿಗೆ ಶೇ 10 ಎಂದರೆ 184. ಅದರ ಅರ್ಧ 92, ಅದು ಶೇ 5. ಶೇ 18 ಬೇಕಾದರೆ ಶೇ 20 ತೆಗೆದು, ಬಂದದ್ದರಲ್ಲಿ ಹತ್ತನೇ ಒಂದು ಬಿಡಬೇಕು: 368ರಲ್ಲಿ 36.80 ಹೋದರೆ 331.20. ಸಂಖ್ಯೆಗಳನ್ನು ಅದಲುಬದಲು ಮಾಡಿದರೂ ಉತ್ತರ ಒಂದೇ. 25ರ ಶೇ 16 ತಲೆಗೆ ಹತ್ತದಿದ್ದರೆ 16ರ ಶೇ 25 ನೋಡಿ, ನಾಲ್ಕು. ಶೇ 12.5 ಎಂದರೆ ಎಂಟನೇ ಒಂದು, ಶೇ 6.25 ಎಂದರೆ ಹದಿನಾರನೇ ಒಂದು, ನಮ್ಮ ಹಿರಿಯರ ವೀಸ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿದ ತಲೆಮಾರು ಶೇಕಡವನ್ನು ಭಿನ್ನರಾಶಿಯಾಗಿ ಕಾಣುತ್ತಿತ್ತು. ಆ ಅಭ್ಯಾಸ ಇದ್ದವರಿಗೆ ಯಂತ್ರ ಕೊಟ್ಟ ಉತ್ತರದಲ್ಲಿ ಸೊನ್ನೆ ಹೆಚ್ಚುಕಡಿಮೆಯಾದರೆ ತಕ್ಷಣ ಹೊಳೆಯುತ್ತದೆ.

ಅಂಗಡಿಯ ನೂರು

ಬಟ್ಟೆ ಅಂಗಡಿಯ ಫಲಕದಲ್ಲಿ ‘ಶೇ 50 + ಶೇ 20’ ಎಂದು ಇದ್ದರೆ ಓದುವವರ ಮನಸ್ಸು ಎಪ್ಪತ್ತು ಎಂದು ಕೂಡುತ್ತದೆ. 4,000 ರೂಪಾಯಿಯ ಸೀರೆ ಮೊದಲ ರಿಯಾಯಿತಿಗೆ 2,000 ಆಗುತ್ತದೆ. ಎರಡನೆಯ ಶೇ 20 ಲೆಕ್ಕವಾಗುವುದು ಈ 2,000ದ ಮೇಲೆ. ಕೊನೆಗೆ ಕೊಡುವುದು 1,600, ನಿಜವಾದ ರಿಯಾಯಿತಿ ಶೇ 60. ಕೂಡಿಸುವ ಗುರುತು ಹಾಕಿದ್ದರೂ ಎರಡು ಶೇಕಡಗಳ ನೂರು ಬೇರೆಬೇರೆ. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರರಲ್ಲಿ ಒಂದು, ಅಂದರೆ ಶೇ 33 ಚಿಲ್ಲರೆ. ಅದೂ ಮೂರು ಬೇಕಿದ್ದವರಿಗೆ ಮಾತ್ರ.

ಜಿಎಸ್‌ಟಿ 2017ರ ಜುಲೈ 1ರಂದು ಜಾರಿಯಾಯಿತು. 5, 12, 18, 28 ಎಂಬ ನಾಲ್ಕು ಮುಖ್ಯ ಹಂತಗಳು 2025ರ ಸೆಪ್ಟೆಂಬರ್ 22ರಿಂದ ಮುಖ್ಯವಾಗಿ 5 ಮತ್ತು 18ಕ್ಕೆ ಇಳಿದು, ಕೆಲವೇ ವಸ್ತುಗಳಿಗೆ 40 ಬಂತು. ತೆರಿಗೆ ಸೇರಿ 1,180 ರೂಪಾಯಿ ಎಂದು ಬರೆದ ವಸ್ತುವಿನಲ್ಲಿ ಶೇ 18ರ ತೆರಿಗೆ ಎಷ್ಟು? 1,180ರ ಶೇ 18 ತೆಗೆದರೆ 212.40 ಬರುತ್ತದೆ, ಅದು ತಪ್ಪು. ಇಲ್ಲಿ 1,180 ಎಂಬುದು 118ರ ಜಾಗದಲ್ಲಿದೆ. ಮೂಲ ಬೆಲೆ 1,000, ತೆರಿಗೆ 180. ಲೀಲಾವತಿಯ ಸಾವಿರದ ಲೆಕ್ಕದ ದಾರಿಯೇ ಇದು.

ಚಿನ್ನದಂಗಡಿಯಲ್ಲಿ ಶೇಕಡಗಳು ಒಂದರ ಮೇಲೊಂದು ಕೂರುತ್ತವೆ. 22 ಕ್ಯಾರೆಟ್ ಎಂದರೆ 24ರಲ್ಲಿ 22 ಪಾಲು ಅಪ್ಪಟ ಚಿನ್ನ, ಶೇ 91.6, ಒಡವೆಯ ಮೇಲಿನ 916 ಮುದ್ರೆ ಅದನ್ನೇ ಸಾವಿರಕ್ಕೆ ಹೇಳುತ್ತದೆ. 18 ಕ್ಯಾರೆಟ್ಟಿಗೆ 750. ಇದರ ಮೇಲೆ ವೇಸ್ಟೇಜ್, ಮೇಕಿಂಗ್ ಚಾರ್ಜ್. ಎಲ್ಲ ಸೇರಿದ ಮೇಲೆ ಶೇ 3 ಜಿಎಸ್‌ಟಿ. ಮಜೂರಿಯನ್ನು ಚಿನ್ನದ ಬೆಲೆಯ ಶೇಕಡವಾಗಿ ಹಾಕುವುದರಿಂದ ಚಿನ್ನ ತುಟ್ಟಿಯಾದಂತೆ ಅದೂ ಏರುತ್ತದೆ, ಅಕ್ಕಸಾಲಿಗನ ಕೆಲಸ ಅಷ್ಟೇ ಇದ್ದರೂ. ‘ಮೇಕಿಂಗ್ ಚಾರ್ಜಿನಲ್ಲಿ ಶೇ 50 ರಿಯಾಯಿತಿ’ ಎಂಬ ಜಾಹೀರಾತನ್ನು ಬಿಡಿಸಿ ನೋಡಿ. ಒಂದು ಲಕ್ಷದ ಚಿನ್ನಕ್ಕೆ ಶೇ 12ರಂತೆ 12,000 ಮಜೂರಿ ಇದ್ದರೆ ಉಳಿಯುವುದು 6,000. ಒಟ್ಟು 1,12,000ಕ್ಕೆ ಅದು ಶೇ 5ಕ್ಕಿಂತ ತುಸು ಹೆಚ್ಚು. ಜಾಹೀರಾತು ಸುಳ್ಳಲ್ಲ, ಅದು ಆರಿಸಿಕೊಂಡ ನೂರು ಮಾತ್ರ ಚಿಕ್ಕದು.

ವ್ಯಾಪಾರಿಯ ಲಾಭಕ್ಕೂ ಎರಡು ಮುಖ. 80ಕ್ಕೆ ಕೊಂಡು 100ಕ್ಕೆ ಮಾರಿದರೆ ಶಾಲೆಯ ಪುಸ್ತಕ ಕೊಂಡ ಬೆಲೆಯ ಮೇಲೆ ಶೇ 25 ಲಾಭ ಎನ್ನುತ್ತದೆ. ಅಂಗಡಿಯವರು ಮಾರಿದ ಬೆಲೆಯ ಮೇಲೆ ಶೇ 20 ಮಾರ್ಜಿನ್ ಎನ್ನುತ್ತಾರೆ. ಎರಡೂ ಸರಿ, ಎರಡನ್ನೂ ಬೆರೆಸಿ ಮಾತಾಡಿದರೆ ಪಾಲುದಾರರಲ್ಲಿ ಜಗಳ.

ಸಾಲದ ನೂರು

ಹಳ್ಳಿಗಳಲ್ಲಿ ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’ ಎಂಬ ಮಾತಿದೆ. ನೂರಕ್ಕೆ ತಿಂಗಳಿಗೆ ಎರಡು ಎಂದು ಅದರ ಅರ್ಥ, ವರ್ಷಕ್ಕೆ ಶೇ 24. ಬ್ಯಾಂಕಿನ ಶೇ 10ರ ಪಕ್ಕದಲ್ಲಿ ಎರಡು ಎಂಬುದು ಕಿವಿಗೆ ಸಣ್ಣದಾಗಿ ಕೇಳುತ್ತದೆ, ಏಕೆಂದರೆ ಅವಧಿಯನ್ನು ಮಾತಿನಲ್ಲಿ ಬಿಟ್ಟಿರುತ್ತಾರೆ. ಚಕ್ರಬಡ್ಡಿಯಾದರೆ ಇನ್ನೂ ಬಿರುಸು. ಹಣ ದುಪ್ಪಟ್ಟಾಗುವ ಕಾಲ ತಿಳಿಯಲು 72ನ್ನು ದರದಿಂದ ಭಾಗಿಸುವ ಸುಲಭ ಸೂತ್ರವೊಂದಿದೆ. ತಿಂಗಳಿಗೆ ಶೇ 2ರಂತೆ ಸುಮಾರು 36 ತಿಂಗಳು; ವರ್ಷಕ್ಕೆ ಶೇ 8ರ ಠೇವಣಿಯಾದರೆ ಸುಮಾರು 9 ವರ್ಷ. ಬಡ್ಡಿಯನ್ನು ಮೊದಲೇ ಮುರಿದುಕೊಂಡು ಕೊಡುವ ಪದ್ಧತಿಯೂ ಇದೆ. 10,000ಕ್ಕೆ ಶೇ 10 ಎಂದು 1,000 ಹಿಡಿದುಕೊಂಡು 9,000 ಕೈಗಿಟ್ಟರೆ ಸಾಲಗಾರ ಬಳಸಿದ್ದು ಒಂಬತ್ತೇ ಸಾವಿರ. ಹಾಗಾದರೆ ದರ ಶೇ 11ನ್ನು ದಾಟಿತು.

ಕಂತಿನ ಸಾಲದಲ್ಲಿ ‘ಫ್ಲಾಟ್ ರೇಟ್’, ಅಂದರೆ ಮೊದಲ ದಿನದ ಅಸಲಿನ ಮೇಲೆಯೇ ಕೊನೆಯವರೆಗೂ ಬಡ್ಡಿ ಹಾಕುವುದು, ಇದಕ್ಕಿಂತ ದೊಡ್ಡ ಮರೆ. 12,000 ರೂಪಾಯಿ ಸಾಲ, ವರ್ಷಕ್ಕೆ ಶೇ 12 ಫ್ಲಾಟ್, 12 ಕಂತು ಎಂದುಕೊಳ್ಳೋಣ. ಬಡ್ಡಿ 1,440, ತಿಂಗಳ ಕಂತು 1,120. ಮೊದಲ ತಿಂಗಳಲ್ಲಿ ಮಾತ್ರ ಪೂರ್ತಿ 12,000 ನಮ್ಮ ಬಳಿ ಇರುತ್ತದೆ. ಪ್ರತಿ ಕಂತಿನಲ್ಲಿ ಅಸಲು ಸಾವಿರದಂತೆ ಕರಗುತ್ತದೆ ಎಂದು ಹಿಡಿದರೆ ವರ್ಷದ ಸರಾಸರಿ ಬಾಕಿ 6,500. ಅದರ ಮೇಲೆ 1,440 ಎಂದರೆ ಶೇ 22ರ ಹತ್ತಿರ. ಇಳಿಯುವ ಬಾಕಿಯ ಮೇಲೆ ಕರಾರುವಾಕ್ಕಾಗಿ ಲೆಕ್ಕ ಹಾಕಿದರೂ ಶೇ 21 ದಾಟುತ್ತದೆ. ಹನ್ನೆರಡು ಎಂದು ಹೇಳಿದ ಸಾಲ ಇಪ್ಪತ್ತೊಂದರದ್ದು. ಬಿಡಿ ಗ್ರಾಹಕರಿಗೂ ಸಣ್ಣ ಉದ್ಯಮಗಳಿಗೂ 2024ರ ಅಕ್ಟೋಬರ್ 1ರಿಂದ ಕೊಡುವ ಹೊಸ ಅವಧಿ ಸಾಲಗಳಿಗೆ ಮುಖ್ಯಾಂಶಗಳ ಹಾಳೆಯೊಂದನ್ನು ಕೊಡಬೇಕು, ಅದರಲ್ಲಿ ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ನಮೂದಿಸಬೇಕು ಎಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಸಾಲ ಕೇಳುವವರು ಮೊದಲು ಓದಬೇಕಾದದ್ದು ಆ ಸಂಖ್ಯೆಯನ್ನು. ಎರಡು ಸಾಲಗಳನ್ನು ಒಂದೇ ನೂರಿನ ಮೇಲೆ ಇಟ್ಟು ಹೋಲಿಸಲು ಅದೊಂದೇ ದಾರಿ.

ಹೊಲದ ನೂರು

ಶೇಕಡವನ್ನು ಹಿಂದುಮುಂದಾಗಿ ಬಳಸಲೇಬೇಕಾದವರು ರೈತರು. ಕೃಷಿ ಇಲಾಖೆಯ ಶಿಫಾರಸು ಪೋಷಕಾಂಶದ ಕಿಲೋ ಲೆಕ್ಕದಲ್ಲಿರುತ್ತದೆ, ಅಂಗಡಿಯಲ್ಲಿ ಸಿಗುವುದು ಚೀಲ. ಯೂರಿಯಾದಲ್ಲಿ ಸಾರಜನಕ ಶೇ 46. 45 ಕಿಲೋ ಚೀಲದಲ್ಲಿ 20.7 ಕಿಲೋ. 50 ಕಿಲೋ ಸಾರಜನಕ ಬೇಕಾದರೆ 50ನ್ನು 0.46ರಿಂದ ಭಾಗಿಸಬೇಕು: ಸುಮಾರು 109 ಕಿಲೋ ಯೂರಿಯಾ, ಎರಡೂವರೆ ಚೀಲಕ್ಕೆ ತುಸು ಕಮ್ಮಿ. 50 ಕಿಲೋ ಡಿಎಪಿ ಚೀಲದ ಮೇಲಿನ 18-46 ಎಂದರೆ 9 ಕಿಲೋ ಸಾರಜನಕ, 23 ಕಿಲೋ ರಂಜಕ. ಡಿಎಪಿ ಹಾಕಿದ ಮೇಲೆ ಅದರ ಸಾರಜನಕವನ್ನು ಕಳೆಯದೆ ಪೂರ್ತಿ ಯೂರಿಯಾ ಸುರಿಯುವುದು ಸಾಮಾನ್ಯವಾಗಿ ಕಾಣುವ ತಪ್ಪು.

ತೇವಾಂಶದ ಲೆಕ್ಕ ಇನ್ನೂ ಮೋಜಿನದು. ಬೆಂಬಲ ಬೆಲೆಯ ಖರೀದಿಗೆ ಮೆಕ್ಕೆಜೋಳದ ತೇವಾಂಶ ಶೇ 14 ಮೀರಬಾರದು. ಶೇ 20 ತೇವಾಂಶವಿರುವ 100 ಕ್ವಿಂಟಾಲ್ ಕಾಳನ್ನು ಕಣದಲ್ಲಿ ಶೇ 14ಕ್ಕೆ ಒಣಗಿಸಿದರೆ ಎಷ್ಟು ಉಳಿಯುತ್ತದೆ? ಆರು ಹೋಗಿ ತೊಂಬತ್ತನಾಲ್ಕು ಎನಿಸುತ್ತದೆ. ತಕ್ಕಡಿ 93 ತೋರಿಸಿದಾಗ ತೂಕದಲ್ಲಿ ಮೋಸ ಎಂಬ ಅನುಮಾನ ಬರುತ್ತದೆ. ಒಣ ಪದಾರ್ಥ 80 ಕ್ವಿಂಟಾಲ್, ಅದು ಬದಲಾಗಲಿಲ್ಲ. ಮೊದಲು ಒಟ್ಟು ತೂಕದ ಶೇ 80 ಆಗಿದ್ದ ಅದು ಈಗ ಶೇ 86. 80ನ್ನು 0.86ರಿಂದ ಭಾಗಿಸಿದರೆ 93.02. ನೀರು ಹೋದಂತೆ ಇಡಿಯೂ ಕುಗ್ಗಿತು. ಎರಡು ತೇವಾಂಶಗಳ ನೂರು ಒಂದೇ ಅಲ್ಲ.

ಅಂಕಪಟ್ಟಿಯ ನೂರು

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರರಂತೆ ಒಟ್ಟು 625. ಇದನ್ನು ಶೇಕಡಕ್ಕೆ ತರಲು ಅಂಕವನ್ನು 16ರಿಂದ ಗುಣಿಸಿ ನೂರರಿಂದ ಭಾಗಿಸಿದರಾಯಿತು. 575 ಬಂದಿದ್ದರೆ 9,200, ಅಂದರೆ ಶೇ 92. ದ್ವಿತೀಯ ಪಿಯುಸಿಯ 600ಕ್ಕೆ ಆರರಿಂದ ಭಾಗಿಸುವುದು ಇನ್ನೂ ಸುಲಭ. ಬೇರೆಬೇರೆ ಒಟ್ಟುಗಳನ್ನು ಒಂದೇ ಮಟ್ಟಕ್ಕೆ ತರುವುದು ಶೇಕಡದ ದೊಡ್ಡ ಉಪಕಾರ. ಎಂಜಿನಿಯರಿಂಗ್ ಸೀಟಿನ ರ್‍ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಮತ್ತು ಸಿಇಟಿ ಅಂಕಗಳನ್ನು ಅರ್ಧರ್ಧ ತೂಗುತ್ತಾರೆ. ಪಿಯುಸಿಯಲ್ಲಿ 300ಕ್ಕೆ 240, ಸಿಇಟಿಯಲ್ಲಿ 180ಕ್ಕೆ 90 ಬಂದಿದ್ದರೆ ಹಾಗೇ ಕೂಡಿಸುವಂತಿಲ್ಲ. 80 ಮತ್ತು 50 ಮಾಡಿಕೊಂಡು ಸರಾಸರಿ 65 ಎನ್ನಬೇಕು.

ಪರ್ಸೆಂಟೈಲು ಬೇರೆಯೇ ಜಾತಿ. ಜೆಇಇ ಮೇನ್ ಪರೀಕ್ಷೆಯಲ್ಲಿ 99 ಪರ್ಸೆಂಟೈಲು ಎಂದರೆ ನೂರಕ್ಕೆ 99 ಅಂಕ ಎಂದಲ್ಲ. ಬರೆದವರಲ್ಲಿ ಶೇ 99ರಷ್ಟು ಮಂದಿ ಅಷ್ಟು ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದಿದ್ದಾರೆ ಎಂದು. ಅಂಕದ ಶೇಕಡದಲ್ಲಿ ನೂರು ಎಂದರೆ ಪ್ರಶ್ನೆಪತ್ರಿಕೆ. ಪರ್ಸೆಂಟೈಲಿನಲ್ಲಿ ನೂರು ಎಂದರೆ ಜನ. ಹನ್ನೆರಡು ಲಕ್ಷ ಮಂದಿ ಬರೆದಿದ್ದರೆ 99ರಲ್ಲಿ ನಿಂತವರಿಗಿಂತ ಮುಂದೆ ಸುಮಾರು 12,000 ಮಂದಿ ಇರುತ್ತಾರೆ.

ಶೇಕಡಗಳ ಸರಾಸರಿ ತೆಗೆಯುವಾಗಲೂ ಎಚ್ಚರ ಬೇಕು. ‘ಎ’ ವಿಭಾಗದ 40 ಮಕ್ಕಳಲ್ಲಿ ಶೇ 90, ‘ಬಿ’ ವಿಭಾಗದ 10 ಮಕ್ಕಳಲ್ಲಿ ಶೇ 50 ಪಾಸಾದರೆ ಶಾಲೆಯ ಫಲಿತಾಂಶ ಶೇ 70 ಅಲ್ಲ. ಪಾಸಾದವರು 36 ಮತ್ತು 5, ಒಟ್ಟು 41. ಐವತ್ತಕ್ಕೆ ನಲವತ್ತೊಂದು ಶೇ 82.

ಸುದ್ದಿಯ ನೂರು

ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಬಂತು. ಇಳಿಕೆ ಎಷ್ಟು? ಎರಡರ ವ್ಯತ್ಯಾಸ 10.49 ಶೇಕಡಾವಾರು ಅಂಶ. ಹಿಂದಿನ ವರ್ಷದ ಫಲಿತಾಂಶವನ್ನೇ ನೂರು ಎಂದು ಹಿಡಿದರೆ ಇಳಿಕೆ ಶೇ 12.5. ‘ಶೇ 10 ಇಳಿಕೆ’ ಎಂಬ ತಲೆಬರಹ ಯಾವುದನ್ನು ಹೇಳುತ್ತಿದೆ ಎಂದು ಓದುಗನೇ ಊಹಿಸಬೇಕು. 2025ರ ಫೆಬ್ರುವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ 6.50ರಿಂದ 5.50ಕ್ಕೆ ಇಳಿದದ್ದೂ ಹೀಗೆಯೇ: ಒಂದು ಅಂಶದ ಇಳಿಕೆ, ಆದರೆ ದರದಲ್ಲಿ ಶೇ 15ಕ್ಕೂ ಹೆಚ್ಚಿನ ಕಡಿತ. ಈ ಗೊಂದಲ ತಪ್ಪಿಸಲೆಂದೇ ಹಣಕಾಸಿನವರು ಅಂಶದ ನೂರನೇ ಒಂದು ಪಾಲನ್ನು ಮೂಲಾಂಶ ಎಂದು ಎಣಿಸುತ್ತಾರೆ. ಏರಿಳಿತದಲ್ಲಿ ಇನ್ನೊಂದು ತೊಡಕು. ಶೇ 50 ಬಿದ್ದ ಷೇರು ಮತ್ತೆ ಶೇ 50 ಎದ್ದರೆ ನೂರಕ್ಕೆ ಬರುವುದಿಲ್ಲ, ಎಪ್ಪತ್ತೈದಕ್ಕೆ ನಿಲ್ಲುತ್ತದೆ.

ಚುನಾವಣೆಯಲ್ಲಿ ಮತದ ನೂರು ಬೇರೆ, ಸ್ಥಾನದ ನೂರು ಬೇರೆ. ಕರ್ನಾಟಕದಲ್ಲಿ 2018ರಲ್ಲಿ 222 ಕ್ಷೇತ್ರಗಳ ಫಲಿತಾಂಶ ಬಂದಾಗ ಕಾಂಗ್ರೆಸ್ಸಿಗೆ ಸುಮಾರು ಶೇ 38 ಮತ, 78 ಸ್ಥಾನ. ಬಿಜೆಪಿಗೆ ಸುಮಾರು ಶೇ 36 ಮತ, 104 ಸ್ಥಾನ. 2023ರಲ್ಲಿ ಬಿಜೆಪಿಯ ಮತ ಹೆಚ್ಚುಕಡಿಮೆ ಅದೇ ಶೇ 36ರಲ್ಲಿ ನಿಂತರೂ ಸ್ಥಾನ 66ಕ್ಕೆ ಇಳಿಯಿತು. ಕಾಂಗ್ರೆಸ್ ಸುಮಾರು ಶೇ 43 ಮತಕ್ಕೆ 224ರಲ್ಲಿ 135 ಸ್ಥಾನ, ಅಂದರೆ ಶೇ 60 ಪಡೆಯಿತು. ಗೆದ್ದವರು ಸ್ಥಾನದ ಶೇಕಡವನ್ನೂ ಸೋತವರು ಮತದ ಶೇಕಡವನ್ನೂ ಮುಂದಿಡುವುದು ಸಹಜ. ಜನಗಣತಿಯ ಸಾಕ್ಷರತೆಗೂ ಒಂದು ಷರತ್ತಿದೆ. 2011ರಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಎಂದರೆ ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ. ಒಟ್ಟು ಜನಸಂಖ್ಯೆಯಲ್ಲಿ ಅಲ್ಲ.

ಆರೋಗ್ಯದ ಸುದ್ದಿಯಲ್ಲಿ ಇದೇ ತಪ್ಪಿಗೆ ಬೆಲೆ ದೊಡ್ಡದು. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು, ಅಂದರೆ ಶೇ 100 ಹೆಚ್ಚು ಎಂಬ ಎಚ್ಚರಿಕೆ ಹೊರಟಿತು. ಏಳು ಸಾವಿರ ಹೆಂಗಸರಲ್ಲಿ ಒಬ್ಬರಿಗೆ ಇದ್ದ ಅಪಾಯ ಇಬ್ಬರಿಗಾಗಿತ್ತು, ಅಷ್ಟೇ. ಹೆದರಿದ ಸಾವಿರಾರು ಮಂದಿ ಗುಳಿಗೆ ಬಿಟ್ಟರು; ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸುಮಾರು 13,000ದಷ್ಟು ಹೆಚ್ಚಿದವೆಂದು ಅಂದಾಜು. ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆಂಟ್ಸರ್ ಈ ಪ್ರಕರಣವನ್ನು ಮತ್ತೆಮತ್ತೆ ಎತ್ತಿ, ಅಪಾಯವನ್ನು ಶೇಕಡದಲ್ಲಿ ಹೇಳದೆ ‘ಇಷ್ಟು ಜನರಲ್ಲಿ ಇಷ್ಟು ಮಂದಿ’ ಎಂದು ಹೇಳಿ ಎನ್ನುತ್ತಾರೆ. ಅದರ ಲಾಭ ಒಂದು ಉದಾಹರಣೆಯಲ್ಲಿ ಕಾಣುತ್ತದೆ. ಶೇ 1ರಷ್ಟು ಜನರಿಗಿರುವ ರೋಗವೊಂದನ್ನು ಪರೀಕ್ಷೆ ಶೇ 90ರಷ್ಟು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಶೇ 9 ಮಂದಿಗೆ ತಪ್ಪಾಗಿ ರೋಗ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಪಾಸಿಟಿವ್ ಬಂದವರಿಗೆ ರೋಗವಿರುವ ಸಾಧ್ಯತೆ ಎಷ್ಟು? ಸಾವಿರ ಜನರನ್ನು ಎಣಿಸಿ. ರೋಗಿಗಳು 10, ಸಿಕ್ಕಿಬೀಳುವವರು 9. ಉಳಿದ 990ರಲ್ಲಿ 89 ಮಂದಿಗೆ ಸುಮ್ಮನೆ ಪಾಸಿಟಿವ್. ಒಟ್ಟು 98ರಲ್ಲಿ ನಿಜವಾದ ರೋಗಿಗಳು ಒಂಬತ್ತೇ; ಶೇ 9ರ ಸುಮಾರು. ತೊಂಬತ್ತು ಎಂದು ಹೇಳಿದವರು ರೋಗಿಗಳ ನೂರನ್ನೂ ಪಾಸಿಟಿವ್ ಬಂದವರ ನೂರನ್ನೂ ಒಂದು ಮಾಡಿರುತ್ತಾರೆ.

ಕಲಿಸುವ ಬಗೆ

ಇವೆಲ್ಲದರಲ್ಲಿ ಕಷ್ಟದ ಗುಣಾಕಾರ ಒಂದೂ ಇಲ್ಲ. ತೊಡಕಿರುವುದು ಪಠ್ಯದ ಲೆಕ್ಕಗಳ ಸ್ವಭಾವದಲ್ಲಿ. ‘800ರ ಶೇ 15 ಎಷ್ಟು’ ಎಂದು ಕೇಳುವ ಪ್ರಶ್ನೆಯಲ್ಲಿ ನೂರರ ಜಾಗದಲ್ಲಿ ಕೂರಬೇಕಾದ ಸಂಖ್ಯೆಯನ್ನು ಕೊಟ್ಟೇ ಇರುತ್ತಾರೆ. ಜೀವನ ಕೊಡುವುದಿಲ್ಲ. ಶೇಕಡವನ್ನು ಹೇಳುವವರು ತಮಗೆ ಅನುಕೂಲವಾದ ನೂರನ್ನು ಆರಿಸಿಕೊಳ್ಳುತ್ತಾರೆ: ಸಾಲ ಕೊಡುವವರು ಮೊದಲ ದಿನದ ಅಸಲನ್ನು, ಅಂಗಡಿಯವರು ಮಜೂರಿಯನ್ನು, ಪಕ್ಷದವರು ಮತವನ್ನೋ ಸ್ಥಾನವನ್ನೋ. ಕೇಳುವವರು ತಮಗೆ ಬೇಕಾದ ನೂರಿಗೆ ಅದನ್ನು ತಿರುಗಿಸಿಕೊಳ್ಳಲು ಕಲಿಯಬೇಕು. ಇದು ಯಾವುದರಲ್ಲಿ? ಎಷ್ಟು ಕಾಲಕ್ಕೆ? ಮೂಲ ಸಂಖ್ಯೆ ಎಷ್ಟು? ಈ ಮೂರು ಪ್ರಶ್ನೆ ಬಹುಪಾಲು ಸಂದರ್ಭಗಳಿಗೆ ಸಾಕು.

ತರಗತಿಯಲ್ಲಿ ಇದನ್ನು ಮಾಡಿಸಲು ಖರ್ಚಿಲ್ಲ. ಮಕ್ಕಳು ಮನೆಯಿಂದ ಕಿರಾಣಿ ಬಿಲ್ಲು, ಗೊಬ್ಬರದ ಚೀಲದ ಮೇಲಿನ ಬರಹ, ಸಂಘದ ಸಾಲದ ಪುಸ್ತಕ, ಪತ್ರಿಕೆಯ ತುಣುಕು ತರಲಿ. ಉತ್ತರವನ್ನು ಯಂತ್ರದಲ್ಲೇ ತೆಗೆಯಲಿ. ಆದರೆ ಪ್ರತಿ ಶೇಕಡದ ಪಕ್ಕದಲ್ಲಿ ಅದರ ನೂರು ಯಾವುದು ಎಂದು ಒಂದು ಸಾಲು ಬರೆಯಲಿ, ಅಂಕ ಕೊಡುವುದು ಆ ಸಾಲಿಗೆ ಎಂದಾಗಲಿ. ಹತ್ತನೇ ತರಗತಿ ಮುಗಿಸಿದವರೆಲ್ಲ ಎಂಜಿನಿಯರ್ ಆಗುವುದಿಲ್ಲ, ಆದರೆ ಬಹುಮಂದಿ ಒಂದಲ್ಲ ಒಂದು ದಿನ ಕಂತಿನ ಸಾಲದ ಕಾಗದಕ್ಕೆ ರುಜು ಹಾಕುತ್ತಾರೆ. ಫ್ಲಾಟ್ ದರವನ್ನು ನಿಜದರಕ್ಕೆ ತಿರುಗಿಸುವ ಒಂದೇ ಒಂದು ಲೆಕ್ಕವನ್ನು ಹತ್ತನೇ ತರಗತಿಯ ಪಠ್ಯಕ್ಕೆ ಸೇರಿಸಿದರೂ ಅವರಿಗೆ ಉಳಿಯುವ ಹಣ ಸಣ್ಣದಲ್ಲ.